ಎಡಗಡೆಗೆ ಎರಡು ಹೊಸ ಟೈರು

ಹೊಟ್ಟೆಕಿಚ್ಚಿಗೂ ಒಂದು ವಾಸನೆ ಇದೆ. ಹೊಸ ಕಾರಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಅದೇ ವಾಸನೆ.

ಎರಡು ತಿಂಗಳ ಹಿಂದೆ ನನ್ನ ಮೂಗಿಗೆ ಅದು ಬಡಿಯಿತು. ಕಾರಣ ನನ್ನ ಷಡ್ಡಕ ಪ್ರಕಾಶ. (ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ. ಹೋಲಿಸಿ ನೋಡುವುದಕ್ಕೆಂದೇ ದೇವರು ಮಾಡಿಟ್ಟ ಸಂಬಂಧ.) ರಾಮಮೂರ್ತಿ ನಗರದ ನಮ್ಮ ಮನೆಯ ಮುಂದೆ ಹೊಚ್ಚ ಹೊಸ ಕಾರು ನಿಲ್ಲಿಸಿ, "ಅಣ್ಣ, ಒಂದ್ಸಲ ಒಳಗೆ ಕೂತ್ ನೋಡಿ" ಅಂದ. ಕೂತೆ. ಏಸಿ. ಪವರ್ ಸ್ಟೀರಿಂಗ್. ಗುಂಡಿ ಒತ್ತಿದರೆ ಇಳಿಯುವ ಗಾಜು. ಹಿಂದೆ ಒಂದು ಸಂಸಾರವನ್ನೇ ತುಂಬಬಹುದಾದ ಡಿಕ್ಕಿ. "ಚೆನ್ನಾಗಿದೆ ಪ್ರಕಾಶ್" ಅಂದೆ. ಅನ್ನಲೇಬೇಕಲ್ಲ? ಒಳಗೆ ಮಾತ್ರ ಧಗಧಗ ಅನ್ನುತ್ತಿತ್ತು.

ಅವನು ಜಂಬದ ಮನುಷ್ಯನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬೈದುಕೊಂಡು ಹಗುರಾಗಬಹುದಿತ್ತು. ಪಾಪಿ, ಅವನು ಒಳ್ಳೆಯವನು. ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದರೂ ಸಿಕ್ಕಾಗಲೆಲ್ಲ "ಅಣ್ಣ, ಅಣ್ಣ" ಅನ್ನುತ್ತಾನೆ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಅಂತ ಪಟ್ಟವರಿಗೇ ಗೊತ್ತು.

ನನ್ನದೂ ಕಾರೇ. ಪುಟ್ಟದು, ಬಿಳಿಯದು, ತೊಂಬತ್ತನಾಲ್ಕರ ಮಾಡೆಲ್ಲು, ಸೆಕೆಂಡ್ ಹ್ಯಾಂಡ್. ಗಾಜು ಇಳಿಸಲು ಹ್ಯಾಂಡಲ್ ತಿರುಗಿಸಬೇಕು, ಒಮ್ಮೊಮ್ಮೆ ಹ್ಯಾಂಡಲ್ಲೇ ಕೈಗೆ ಬರುತ್ತದೆ. ಆದರೆ ಆರು ವರ್ಷ ನನ್ನ ಹೆಂಡತಿಯ ತವರಿನಲ್ಲಿ ಕಾರು ಅಂದರೆ ಇದೊಂದೇ ಕಾರು. ಅತ್ತೆಯವರಿಗೆ ಮಂಡಿನೋವಾದರೆ ಫೋನು ನನಗೆ. ಮಾವನವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದರೆ ಫೋನು ನನಗೆ. ಕಮ್ಮನಹಳ್ಳಿಯ ಅವರ ಮನೆಯ ಗೇಟಿನ ಮುಂದೆ ನಾನು ಹಾರ್ನ್ ಹೊಡೆದರೆ, "ಅಳಿಯಂದ್ರು ಬಂದ್ರು, ಕಾಫಿಗಿಡು" ಎಂಬ ದನಿ ಬೀದಿಗೆ ಕೇಳುತ್ತಿತ್ತು.

ಈಗ ಎರಡು ತಿಂಗಳಿಂದ ಫೋನೇ ಇಲ್ಲ.

ಮೊನ್ನೆ ಮಗಳು ಬೇರೆ ಉಪ್ಪು ಸವರಿದಳು. "ಅಪ್ಪ, ಚಿಕ್ಕಪ್ಪನ ಕಾರಲ್ಲಿ ಹಾರ್ನೂ ಎಷ್ಟ್ ಮೆತ್ತಗೆ ಹೊಡೆಯತ್ತೆ ಗೊತ್ತಾ?" ಎಂಟು ವರ್ಷದ ಹುಡುಗಿ. ಇವಳಿಗೆ ಹಾರ್ನಿನ ಗಟ್ಟಿ ಮೆತ್ತಗೆ ಕಟ್ಟಿಕೊಂಡು ಏನಾಗಬೇಕು?

ಇಷ್ಟರಲ್ಲಿ ಮಾವನವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಚೆನ್ನಾಗಿ ಆಯಿತು. ಮುಳಬಾಗಿಲಿನ ಕಡೆ ಇರುವ ಮನೆದೇವರಿಗೆ ಅತ್ತೆ ಹರಕೆ ಹೊತ್ತಿದ್ದರು. ಭಾನುವಾರ ಎಲ್ಲರೂ ಹೋಗುವುದು, ಎರಡು ಕಾರಿನಲ್ಲಿ ಹೋಗುವುದು ಅಂತ ತೀರ್ಮಾನವಾಯಿತು.

ಎರಡು ಕಾರು! ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅತ್ತೆ ಮಾವ ಯಾರ ಕಾರಿನಲ್ಲಿ ಕೂರುತ್ತಾರೆ?

"ಪ್ರಕಾಶನ ಕಾರಲ್ಲಿ ಬರ್ಲಿ ಬಿಡಿ. ಏಸಿ ಇದೆ, ಅಪ್ಪಂಗೆ ಧೂಳು ಆಗಲ್ಲ" ಅಂದಳು ನನ್ನ ಹೆಂಡತಿ ಸುಮ.

"ಹಿರಿಯಳಿಯ ಯಾರು?"

"ನೀವೇ. ಅದಕ್ಕೂ ಏಸಿಗೂ ಏನ್ರೀ ಸಂಬಂಧ?"

ಸಂಬಂಧ ಇದೆ. ಗಂಡಸರಿಗೆ ಮಾತ್ರ ಕಾಣುತ್ತದೆ.

ಅಂದೇ ಶಪಥ ಮಾಡಿದೆ. ಭಾನುವಾರದ ಹೊತ್ತಿಗೆ ನನ್ನ ಕಾರು ಮದುಮಗನ ಹಾಗೆ ನಿಂತಿರಬೇಕು. ಬೋನಸ್ ಬಂದಿತ್ತು. ಶನಿವಾರ ಮಧ್ಯಾಹ್ನ ನೇರ ಶಿವಾಜಿನಗರಕ್ಕೆ ಹೋದೆ. ಮೊದಲು ಮರೂನ್ ಬಣ್ಣದ ಸೀಟ್ ಕವರು. ಆಮೇಲೆ ಸಿಡಿ ಪ್ಲೇಯರು, ಎರಡು ಸ್ಪೀಕರು. ಚಕ್ರಕ್ಕೆ ಬೆಳ್ಳಿಯ ಹಾಗೆ ಹೊಳೆಯುವ ವೀಲ್ ಕ್ಯಾಪು. ಕೊನೆಗೆ, ದಾರಿಯಲ್ಲೇ ಇದ್ದುದರಿಂದ, ನನ್ನ ಹಳೇ ಟೈರಿನಂಗಡಿಯ ಅಮೀರ್ ಭಾಯ್ ಹತ್ತಿರ ನಿಲ್ಲಿಸಿದೆ.

ಅರವತ್ತು ದಾಟಿದ ಅಮೀರ್ ಭಾಯ್ ನಾನಿನ್ನೂ ಇಳಿಯುವ ಮೊದಲೇ ಕಾರಿನ ಸುತ್ತ ಒಂದು ಸುತ್ತು ಬಂದರು. "ನಾಲ್ಕೂ ಹೋಗಿದೆ ಸಾರ್. ಬಟನ್ನೇ ಇಲ್ಲ, ಪೂರಾ ಬೋಳು. ನೋಡಿ, ತಲೆ ನಂದೂ ಅದೂ ಒಂದೇ ಥರ ಆಗದೆ" ಅಂತ ಟೋಪಿ ತೆಗೆದು ತೋರಿಸಿದರು. ಆಮೇಲೆ ನಗು ಬಿಟ್ಟು, ಟೈರಿನ ಗೀರಿನೊಳಗೆ ನಾಲ್ಕಾಣೆ ನಾಣ್ಯ ತೂರಿಸಲು ಹೋದರು. ಅದು ಒಳಗೆ ಇಳಿಯಲೇ ಇಲ್ಲ. "ಗೀರಿನ ತಳದಲ್ಲಿ ಇಲ್ಲಿ ಇಲ್ಲಿ ಸಣ್ಣ ಗಂಟು ಇರ್ತದೆ ಸಾರ್, ಕಂಪನಿಯವರೇ ಇಟ್ಟಿರ್ತಾರೆ. ಮೇಲಿನ ರಬ್ಬರು ಸವೆದು ಗಂಟಿನ ಸಮಕ್ಕೆ ಬಂತಾ, ಟೈರ್ ಖತಂ. ನಿಮ್ದು ಗಂಟೂ ಸವೆದ್ಬಿಟ್ಟಿದೆ."

ನಾಲ್ಕು ಟೈರಿಗೆ ಆಗುವಷ್ಟು ಬೋನಸ್ ಸೀಟ್ ಕವರು, ಸ್ಪೀಕರುಗಳ ಪಾಲಾಗಿತ್ತು. "ಎರಡು ಹಾಕಿ ಸಾಕು" ಅಂದೆ.

"ಸರಿ. ಎರಡೂ ಹಿಂದೆ ಹಾಕ್ತೀನಿ."

"ಬೇಡ. ಎಡಗಡೆ ಹಾಕಿ. ಹಿಂದೊಂದು ಮುಂದೊಂದು."

ಅಮೀರ್ ಭಾಯ್ ನನ್ನನ್ನೇ ನೋಡಿದರು. ಐವತ್ತು ವರ್ಷದ ಅನುಭವದಲ್ಲಿ ಇಂಥ ಗಿರಾಕಿಯನ್ನು ನೋಡಿರಲಿಲ್ಲವೇನೋ.

ನನ್ನ ಲೆಕ್ಕಾಚಾರ ಕೇಳಿ. ಕಮ್ಮನಹಳ್ಳಿಯಲ್ಲಿ ಮಾವನ ಮನೆಯ ಮುಂದೆ ಕಾರು ನಿಲ್ಲಿಸಿದರೆ ಗೇಟಿಗೆ ಕಾಣುವುದು ಎಡಗಡೆ. ಅತ್ತೆ ಮಾವ ಹತ್ತುವುದು ಎಡಗಡೆಯಿಂದ. ಪ್ರಕಾಶ ಕಾಫಿ ಲೋಟ ಹಿಡಿದು ನಿಲ್ಲುವ ಮೆಟ್ಟಿಲಿಗೂ ಎಡಗಡೆಯೇ ಕಾಣುವುದು. ಬಲಗಡೆ ಇರುವುದು ಯಾರಿಗೆ? ಬೀದಿಯಲ್ಲಿ ಹೋಗುವ ಹಾಲಿನವನಿಗೆ, ನಾಯಿಗೆ. ಅವರಿಗೆ ಹೊಸ ಟೈರು ತೋರಿಸಿ ನಾನೇನು ಮಾಡಲಿ?

"ಹಂಗೆ ನಕ್ಕೋ ಸಾರ್, ಬೇಡ" ಅಂದರು ಅಮೀರ್ ಭಾಯ್. "ಟೈರು ಜೋಡಿ ಜೋಡಿ ಇರ್ಬೇಕು. ಒಂದ್ ಕಡೆ ಹೊಸದು, ಒಂದ್ ಕಡೆ ಬೋಳು ಇಟ್ರೆ ಮಳೇಲಿ ಬ್ರೇಕ್ ಹೊಡೆದ್ರೆ ಗಾಡಿ ಅಡ್ಡ ತಿರುಗ್ತದೆ. ಆಮೇಲೆ ಮುಂದಿನ ಚಕ್ರ ಒಳಗಡೆ ರಬ್ಬರು ತಿಂತಾ ಇದೆ ಅನ್ಸುತ್ತೆ. ಸ್ಟೀರಿಂಗ್ ಪೂರಾ ತಿರುಗ್ಸಿ, ಬಗ್ಗಿ ನೋಡ್ಲಾ?"

"ಟೈಮಿಲ್ಲ ಭಾಯ್."

"ನಿಮ್ ಗಾಡಿ, ನಿಮ್ ಮರ್ಜಿ" ಅಂದು ಮುಖ ತಿರುಗಿಸಿಕೊಂಡು ಜ್ಯಾಕ್ ಹಾಕಿದರು. ಅಷ್ಟು ಬೇಸರದಿಂದ ನನಗೆ ಯಾರೂ ವ್ಯಾಪಾರ ಮಾಡಿಕೊಟ್ಟಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಈ ಅಂಕಣ ಗೀಚುವುದು ಬಿಡುವಿನಲ್ಲಿ, ಹೊಟ್ಟೆಪಾಡಿಗೆ ನಾನು ಕೆಲಸ ಮಾಡುವುದು ಇನ್ಶೂರೆನ್ಸ್ ಆಫೀಸಿನಲ್ಲಿ. ಅದೂ ವಾಹನಗಳ ಕ್ಲೇಮ್ ನೋಡುವ ಸೆಕ್ಷನ್ನಿನಲ್ಲಿ. 'ಟೈರು ಸಿಡಿದ ಪರಿಣಾಮ ವಾಹನವು ನಿಯಂತ್ರಣ ತಪ್ಪಿ' ಎಂದು ಶುರುವಾಗುವ ಅರ್ಜಿಗಳನ್ನು ಓದಿ ಓದಿ ಆ ಸಾಲು ನನಗೆ ಬಾಯಿಪಾಠವಾಗಿದೆ. ಕೆಳಗೆ ಫೋಟೋಗಳಿರುತ್ತವೆ. ಅವನ್ನು ನೋಡಿ "ಏನ್ ಜನಾನಪ್ಪ, ಟೈರು ನೋಡ್ಕೊಳ್ಳೋಕೂ ಆಗಲ್ವಾ" ಅಂತ ಪಕ್ಕದ ಮೇಜಿನವರಿಗೆ ಹೇಳುವವನು ನಾನೇ. (ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಗಾದೆ ಮಾಡಿದವರು ನಮ್ಮ ಸೆಕ್ಷನ್ನಿನಲ್ಲೇ ಇದ್ದರೇನೋ.)

ಮನೆಗೆ ಬಂದು ಬಲಗಡೆಯ ಎರಡು ಬೋಳು ಟೈರಿಗೆ ಕರೀ ಪಾಲಿಶ್ ಬಳಿದೆ. ಚೆನ್ನಾಗಿಯೇ ಹೊಳೆದವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸವೇ ಇಲ್ಲ.

ಭಾನುವಾರ ಬೆಳಿಗ್ಗೆ ಕಮ್ಮನಹಳ್ಳಿಗೆ ಹೋದೆವು. ಪ್ರಕಾಶನ ಕಾರು ಆಗಲೇ ಬಂದು ನಿಂತಿತ್ತು. ಅದರ ಹಿಂದೆ ನನ್ನದನ್ನು ನಿಲ್ಲಿಸಿದೆ. ಎಡಮಗ್ಗುಲು ಗೇಟಿಗೆ. ಪ್ರಕಾಶ ಮೆಟ್ಟಿಲ ಮೇಲಿಂದಲೇ, "ಏನಣ್ಣ, ಗಾಡಿ ಫುಲ್ ಮಿಂಚ್ತಾ ಇದೆ! ಟೈರ್ ಬೇರೆ ಹೊಸದು!" ಅಂದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎರಡು ತಿಂಗಳಲ್ಲಿ ಮೊದಲ ಸಲ ಕಾಫಿ ರುಚಿಸಿತು.

ಹೊರಡುವ ಹೊತ್ತಾಯಿತು. ಅತ್ತೆ ಒಳಗಿಂದ ತಟ್ಟೆ ತಂದರು. ಅದರಲ್ಲಿ ಕುಂಕುಮ, ಕರ್ಪೂರ, ಎಂಟು ನಿಂಬೆಹಣ್ಣು. ದೂರದ ಪ್ರಯಾಣ ಅಂದರೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿಕೊಂಡೇ ಹೊರಡಬೇಕು. ಇದು ಆ ಮನೆಯ ಪದ್ಧತಿ. ನಾನಿದನ್ನು ಹೇಗೆ ಮರೆತೆನೋ! ಪ್ರತಿ ಸಲ ಅತ್ತೆಯೇ ಇಡುತ್ತಿದ್ದರು, ಅವರು ಬಗ್ಗಿ ಹಣ್ಣು ಉರುಳಿಸಿ ಎದ್ದುಬಿಡುತ್ತಿದ್ದರು, ಟೈರಿನ ಮುಖವನ್ನೂ ನೋಡುತ್ತಿರಲಿಲ್ಲ.

"ರೀ, ನನ್ ಮಂಡಿ ಬಗ್ಗಲ್ಲ ಇವತ್ತು. ನೀವೇ ಇಡಿ" ಅಂತ ತಟ್ಟೆಯನ್ನು ಮಾವನ ಕೈಗೆ ಕೊಟ್ಟರು.

ನನ್ನ ಮಾವ ಯಾರು ಅಂತ ಹೇಳಬೇಕು. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಇದ್ದು ರಿಟೈರ್ ಆದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಾರ್ಟು ವಾಪಸ್. ಮನೆಗೆ ತಂದ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡುವವರು. ಕಳೆದ ಎರಡು ವರ್ಷ ಪೊರೆ ಬಂದಿದ್ದರಿಂದ ಅಳಿಯಂದಿರು ಬಚಾವಾಗಿದ್ದೆವು. ಈಗ ಆಪರೇಷನ್ ಆಗಿತ್ತಲ್ಲ. ಎಷ್ಟು ಚೆನ್ನಾಗಿ ಆಗಿದೆ ಅನ್ನುವುದು ಆವತ್ತು ಗೊತ್ತಾಯಿತು.

ಪ್ರಕಾಶನ ಕಾರಿಗೆ ನಾಲ್ಕು ನಿಂಬೆಹಣ್ಣು ಇಟ್ಟು ನನ್ನ ಕಾರಿಗೆ ಬಂದರು. ಎಡಗಡೆ ಮುಂದೆ ಒಂದು. "ಭೇಷ್, ಹೊಸ ಟೈರ್ ಹಾಕ್ಸಿದ್ದೀರಿ." ಎಡಗಡೆ ಹಿಂದೆ ಒಂದು. ನಾನು ಪ್ರಕಾಶನ ಕಡೆ ಒಂದು ನೋಟ ಬಿಸಾಡಿದೆ. ಮಾವ ಡಿಕ್ಕಿಯ ಸುತ್ತ ಬಳಸಿ ಬಲಗಡೆಗೆ ಹೋದರು.

ಹಿಂದಿನ ಚಕ್ರದ ಹತ್ತಿರ ಬಗ್ಗಿದವರು ಬೇಗ ಏಳಲಿಲ್ಲ. ಮುಂದಿನ ಚಕ್ರಕ್ಕೆ ಬಂದರು. ಅಲ್ಲಿ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ನಿಂಬೆಹಣ್ಣು ಇಡುವುದಕ್ಕೆ ಅಷ್ಟು ಹೊತ್ತು ಬೇಡ. ಅವರ ಬಲಗೈ ಚಕ್ರದ ಒಳಮಗ್ಗುಲಿಗೆ ಹೋಗಿ ಮೇಲಿಂದ ಕೆಳಗೆ ಸವರುವುದು ನನಗೆ ಕಾಣುತ್ತಿತ್ತು. ಎದ್ದು ನಿಂತಾಗ ಅಂಗೈ ತುಂಬ ನನ್ನ ಪಾಲಿಶ್. ಪಂಚೆಯ ತುದಿಗೆ ಕೈ ಒರೆಸಿಕೊಂಡರು. ಬಿಳೀ ಪಂಚೆ. ನನ್ನನ್ನು ನೋಡಿದರು.

ಈಗ ಎಲ್ಲರೆದುರು ಮರ್ಯಾದೆ ಹೋಯಿತು ಅಂತ ಕಣ್ಣು ಮುಚ್ಚಿಕೊಂಡೆ. ಮಾವನ ದನಿ ಕೇಳಿಸಿತು.

"ಸುಮ, ಪಾಪುನ ಕರ್ಕೊಂಡು ನೀನೂ ಅಮ್ಮನೂ ಪ್ರಕಾಶನ ಗಾಡಿ ಹತ್ತಿ. ಇಕ್ಕಟ್ಟಾದ್ರೂ ಪರವಾಗಿಲ್ಲ. ನಾನು ಅಳಿಯಂದ್ರ ಜೊತೆ ಹಿಂದೆ ಬರ್ತೀನಿ."

"ಮಾವ, ಏಸಿ ಇದೆ, ನೀವು ಇಲ್ಲೇ ಬನ್ನಿ" ಅಂದ ಪ್ರಕಾಶ.

"ಬೇಡಪ್ಪ. ಹಿರಿಯಳಿಯಂದ್ರ ಜೊತೆ ಬರ್ತೀನಿ. ನೀನು ಹೊರಡು."

ನಂಬುತ್ತೀರಾ? ಆ ಕ್ಷಣದಲ್ಲಿ ನನಗೆ ಟೈರು ಮರೆತೇಹೋಯಿತು. ಗೆದ್ದೆ! ಏಸಿ ಬಿಟ್ಟು, ಹೊಸ ಕಾರು ಬಿಟ್ಟು, ಮಾವ ನನ್ನ ಪಕ್ಕ ಕೂತಿದ್ದಾರೆ! ಅವರು ಏನನ್ನೂ ಗಮನಿಸಿಲ್ಲ, ಗಮನಿಸಿದ್ದರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅಂದುಕೊಂಡೆ. ಹೊಟ್ಟೆಕಿಚ್ಚಿನವನಿಗೆ ಬೇಕಾದ್ದು ಮಾತ್ರ ಕಾಣುತ್ತದೆ. ನಿಂಬೆಹಣ್ಣು ಪಚಕ್ಕೆಂದವು, ಹೊರಟೆವು. ಹೊಸ ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿದೆ.

"ಅದನ್ನ ಆರ್ಸಿ" ಅಂದರು ಮಾವ. ಆರಿಸಿದೆ.

"ನಿಧಾನ. ಮೂವತ್ತರ ಮೇಲೆ ಬೇಡ."

"ಪ್ರಕಾಶ ಮುಂದೆ ಹೋಗ್ಬಿಡ್ತಾನೆ ಮಾವ."

"ಹೋಗ್ಲಿ."

ಪ್ರಕಾಶನ ಕಾರು ಮುಂದೆ ಹೋಗಿ ಕಾಣದಾಯಿತು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಿತು. ಮಾವ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ ಅಂದ್ನಲ್ಲ" ಅಂದರು. ನಮ್ಮನ್ನು ಆಟೋಗಳು ಹಿಂದೆ ಹಾಕಿದವು. ಒಂದು ನೀರಿನ ಟ್ಯಾಂಕರು ಹಿಂದೆ ಹಾಕಿತು. ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಇಳಿದು ಸ್ವಲ್ಪ ದೂರ ಹೋಗಿರಬಹುದು. ಮಾವ ಕೈ ಚಾಚಿ, "ಎಡಕ್ಕೆ ತಗೊಳ್ಳಿ. ಅಲ್ಲಿ ಟೈರ್ ಅಂಗಡಿ ತೆಗೆದಿದೆ" ಅಂದರು.

ಆಗ ಅರ್ಥವಾಯಿತು.

ಅಂಗಡಿಯವನು ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದ. ಮುಂದಿನ ಬಲ ಚಕ್ರದ ಹಿಂಭಾಗ ಹೊರಕ್ಕೆ ಬಂತು. ನಾನೂ ಬಗ್ಗಿ ನೋಡಿದೆ. ಹೊರಗಿನ ಅಂಚಿನಲ್ಲಿ ಗೀರಿನ ಗುರುತಾದರೂ ಇತ್ತು. ಒಳಗಿನ ಅಂಚಿನಲ್ಲಿ ರಬ್ಬರೇ ಇಲ್ಲ. ಬಟ್ಟೆಯಂಥ ಪದರ ಹರಿದು, ಅದರೊಳಗಿಂದ ತಂತಿ ಎದ್ದು ನಿಂತಿತ್ತು. ಸಣ್ಣ ಸಣ್ಣ ಉಕ್ಕಿನ ತಂತಿ, ಒಂದು ಗೇಣಿನಷ್ಟು ಉದ್ದಕ್ಕೆ.

"ಇದ್ರಲ್ಲಿ ಎಲ್ಲಿಗೆ ಸಾರ್ ಹೊರಟ್ರಿ?" ಅಂದ ಅಂಗಡಿಯವನು.

"ಮುಳಬಾಗಿಲಿಗೆ."

ಅವನು ಒಮ್ಮೆ ಆಕಾಶ ನೋಡಿ, ಜ್ಯಾಕ್ ತರಲು ಒಳಗೆ ಹೋದ.

ಮಾವ ನನ್ನ ಕೈ ಹಿಡಿದು, ಬೆರಳನ್ನು ಆ ತಂತಿಯ ಮೇಲೆ ಇಡಿಸಿದರು. ಚುಚ್ಚಿತು. "ಮುಂದಿನ ಚಕ್ರದ ಅಲೈನ್‌ಮೆಂಟ್ ತಪ್ಪಿದೆ. ಹಂಗಾದ್ರೆ ಒಳಗಡೆ ಸವೆಯತ್ತೆ, ಹೊರಗಿಂದ ನೋಡಿದ್ರೆ ಕಾಣಲ್ಲ. ಗಾಳಿ ಕಮ್ಮಿ ಇದ್ರೆ ಎರಡೂ ಅಂಚು ಸವೆಯತ್ತೆ. ಜಾಸ್ತಿ ಇದ್ರೆ ನಡುಮಧ್ಯೆ ಸವೆಯತ್ತೆ. ತಿಂಗಳಿಗೊಂದ್ಸಲ ಗಾಳಿ ನೋಡ್ಸಿ, ಕೈಯಾಡ್ಸಿ ನೋಡಿದ್ರೆ ಸಾಕು, ಟೈರೇ ಎಲ್ಲಾ ಹೇಳತ್ತೆ." ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳುವ ಧಾಟಿ. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

ಆಮೇಲೆ ಕೇಳಿದರು. "ಪಾಪುನ ದಿನಾ ಸ್ಕೂಲಿಗೆ ಇದ್ರಲ್ಲೇ ಬಿಡ್ತೀರಾ?"

"ಹೂಂ ಮಾವ."

"ಎಷ್ಟು ದಿನದಿಂದ ತಂತಿ ಬಂದಿದೆ?"

"ಗೊತ್ತಿಲ್ಲ ಮಾವ."

ನಿಜವಾಗಿಯೂ ಗೊತ್ತಿರಲಿಲ್ಲ. ಪ್ರಕಾಶನ ಕಾರಿನಲ್ಲಿ ಎಷ್ಟು ಸ್ಪೀಕರಿವೆ ಎಂದು ಗೊತ್ತಿತ್ತು. ಅದರ ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಯುತ್ತದೆ ಎಂದು ಗೊತ್ತಿತ್ತು. ನನ್ನ ಮಗಳು ಕೂರುವ ಸೀಟಿನ ಕೆಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರಲಿಲ್ಲ. ಕಾರಿಗೆ ಕೆಟ್ಟ ದೃಷ್ಟಿ ತಾಗದಿರಲಿ ಎಂದು ಮುಂದಿನ ಬಂಪರಿಗೆ ಮೆಣಸಿನಕಾಯಿ, ಹಳೇ ಚಪ್ಪಲಿ ಕಟ್ಟಿದ್ದೆ. ಕಣ್ಣು ಕೆಟ್ಟಿದ್ದವನು ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ.

ಕೊನೆಗೆ ಕೇಳಿದೆ. "ಮಾವ, ಗೊತ್ತಿದ್ದೂ ನೀವ್ಯಾಕೆ ಇದ್ರಲ್ಲಿ ಕೂತ್ರಿ?"

"ಪ್ರಕಾಶನ ಮುಂದೆ ನಿಮಗೆ ಹೇಳೋಕಾಗ್ತಿತ್ತಾ? ಹೇಳದೆ ಒಬ್ಬರನ್ನೇ ಕಳ್ಸೋಕಾಗ್ತಿತ್ತಾ? ನಾನು ಪಕ್ಕದಲ್ಲಿದ್ರೆ ಜೋರಾಗಿ ಓಡ್ಸಲ್ಲ ಅನ್ನೋದೊಂದು ಧೈರ್ಯ." ಪಂಚೆಯ ಕಪ್ಪು ಕಲೆಯನ್ನು ಉಜ್ಜಿಕೊಳ್ಳುತ್ತ ಅಂದರು. "ಆದ್ರೂ ಓಡ್ಸಿದ್ರಿ."

ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದೆ. ಹೊಸದಾಗಿ ಆಪರೇಷನ್ ಆದ ಕಣ್ಣು, ಎಪ್ಪತ್ತರ ಹತ್ತಿರದ ವಯಸ್ಸು. ಮಗಳನ್ನೂ ಮೊಮ್ಮಗಳನ್ನೂ ಇಳಿಸಿ, ತಂತಿ ಎದ್ದ ಟೈರಿನ ಗಾಡಿಗೆ ತಾವು ಹತ್ತಿದ್ದಾರೆ. ನಾನು ಅದನ್ನು ಷಡ್ಡಕನ ಮೇಲಿನ ಗೆಲುವು ಅಂದುಕೊಂಡು ಭಕ್ತಿಗೀತೆ ಹಾಕಿದ್ದೆ. ನಾಚಿಕೆಯಾಯಿತು. ಇಷ್ಟು ವರ್ಷ ಅಂಕಣ ಬರೆಯುತ್ತಿದ್ದೇನೆ, ಈ ಪದವನ್ನು ಎಷ್ಟೋ ಸಲ ಬಳಸಿದ್ದೇನೆ. ಆವತ್ತು ನಿಜವಾಗಿ ಆಯಿತು.

ಇನ್ನೆರಡು ಟೈರು ಕೊಂಡೆ. ಒಂದೇ ಥರದವು ಮುಂದೆ ಜೋಡಿ, ಹಿಂದೆ ಜೋಡಿ. ನಾಲ್ಕಕ್ಕೂ ಗಾಳಿ ಅಳತೆ. ಸ್ಟೆಪ್ನಿಗೂ ಗಾಳಿ. (ಅದರಲ್ಲಿ ಇರಲೇ ಇಲ್ಲ. ನಿಮ್ಮದರಲ್ಲಿ ಇದೆಯಾ?) ಅಲೈನ್‌ಮೆಂಟಿನ ಮೆಷಿನ್ನು ಆ ಅಂಗಡಿಯಲ್ಲಿರಲಿಲ್ಲ. "ನಾಳೆ ಮಾಡ್ಸದೆ ಆಫೀಸಿಗೆ ಹೋಗ್ಬೇಡಿ" ಅಂದರು ಮಾವ. ಸೋಮವಾರ ಅರ್ಧ ದಿನ ರಜೆ ಹಾಕಿ ಮಾಡಿಸಿದೆ. ಹಾಗೇ ಶಿವಾಜಿನಗರಕ್ಕೂ ಹೋಗಿ ಅಮೀರ್ ಭಾಯ್‌ಗೆ ತಪ್ಪೊಪ್ಪಿಕೊಂಡೆ. ಅವರು ಚಹಾ ತರಿಸಿದರು. ಬೈಯಲೂ ಇಲ್ಲ, "ನಾನ್ ಹೇಳ್ಲಿಲ್ವಾ" ಅನ್ನಲೂ ಇಲ್ಲ. ದೊಡ್ಡವರು.

ಆ ಭಾನುವಾರ ದೇವಸ್ಥಾನ ಮುಟ್ಟಿದಾಗ ಪೂಜೆ ಮುಗಿಯುತ್ತಾ ಬಂದಿತ್ತು. "ಯಾಕಣ್ಣ ಇಷ್ಟು ಲೇಟು? ಫೋನೂ ಎತ್ತಲಿಲ್ಲ, ಗಾಬರಿಯಾಯ್ತು" ಅಂತ ಪ್ರಕಾಶ ಓಡಿಬಂದ. ನಾನು ಬಾಯಿ ತೆರೆಯುವ ಮೊದಲೇ ಮಾವ, "ನಂಗೆ ದಾರೀಲಿ ಕಾಫಿ ಕುಡೀಬೇಕು ಅನ್ನಿಸ್ತು" ಅಂದರು. ಸುಮ ಅಪ್ಪನ ಪಂಚೆಯ ಕಲೆ ನೋಡಿದಳು, ನನ್ನ ಮುಖ ನೋಡಿದಳು. ಮನೆಗೆ ಹೋದ ಮೇಲೆ ಎಲ್ಲ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ನ್ಯಾಯವೇ.

ಊಟ ಮುಗಿಸಿ ಮಧ್ಯಾಹ್ನ ಹೊರಟೆವು. ಈಗ ನನ್ನ ಕಾರಿನ ನಾಲ್ಕೂ ಚಕ್ರ ಯಾವ ಕಡೆಯಿಂದ ನೋಡಿದರೂ ನೋಡಬಹುದಾಗಿತ್ತು. ಮುಂದಿನ ಎಡ ಬಾಗಿಲು ತೆಗೆದು ಹಿಡಿದು, "ಬನ್ನಿ ಮಾವ" ಅಂದೆ.

"ನಾಲ್ಕೂ ಟೈರ್ ಸರಿ ಆಯ್ತಲ್ಲ, ಇನ್ನೇನು ಭಯ ಇಲ್ಲ. ಸುಮ, ಪಾಪು ನಿಮ್ಮ ಜೊತೆ ಬರ್ಲಿ" ಅಂದರು ಮಾವ. ಭುಜ ತಟ್ಟಿದರು. "ನಾನು ಪ್ರಕಾಶನ ಕಾರಲ್ಲಿ ಬರ್ತೀನಿ. ಏಸಿಯಲ್ಲಿ ಒಂದು ನಿದ್ದೆ ಮಾಡ್ಬೇಕು."

ಹೋಗಿ ಕೂತರು, ಅತ್ತೆಯೂ ಕೂತರು, ಪ್ರಕಾಶನ ಗಾಜು ತಾನೇ ಏರಿತು, ನನ್ನ ಹೊಟ್ಟೆ ಮತ್ತೆ ಧಗಧಗ ಅಂದಿತು.

ಈಗ ನೀವೇ ಹೇಳಿ, ಮಾವ ನನ್ನ ಕಾರು ಹತ್ತಬೇಕಾದರೆ ನಾನು ಇನ್ನೊಂದು ಸಲ ಟೈರು ಸವೆಸಬೇಕೇ?